ಮೂರನೇ ವಾರದ ಮಂಗಳವಾರ, ಮಧ್ಯಾಹ್ನ ಮೂರು ಗಂಟೆಗೆ

ಅಮೆರಿಕದ ಕನ್ನಡದ ಮನೆಗಳಲ್ಲಿ ಹತ್ತನೇ, ಹನ್ನೊಂದನೇ ತರಗತಿಯ ಮಕ್ಕಳಿದ್ದರೆ ಚಳಿಗಾಲದ ರಜೆಯ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ: "ಮಗನ್ನ ಈ ಸಮ್ಮರ್‌ಗೆ ಎಲ್ಲಿಗೆ ಕಳಿಸ್ತಾ ಇದ್ದೀರಿ?" ಊರಿಗೆ ಅಜ್ಜಿಮನೆಗೆ ಅಂತ ಹೇಳಿದರೆ ಕೇಳಿದವರ ಮುಖದಲ್ಲಿ ಒಂದು ಸಣ್ಣ ಅನುಕಂಪ ಕಾಣಿಸುತ್ತದೆ. ಅವರು ಕೇಳಿದ್ದು ಅದಲ್ಲ. ಹೈಸ್ಕೂಲ್ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯಗಳು ನಡೆಸುವ ಎಂಜಿನಿಯರಿಂಗ್ ಪ್ರೋಗ್ರಾಮುಗಳಲ್ಲಿ ಯಾವುದಕ್ಕೆ ಅಂತ.

ನಾನು ಓದಿದ್ದು, ದುಡಿಯುವುದು ಎರಡೂ ಎಂಜಿನಿಯರಿಂಗಿನಲ್ಲೇ. ಇಲ್ಲೇ ಹತ್ತಿರದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಹೈಸ್ಕೂಲ್ ಮಕ್ಕಳ ಬೇಸಿಗೆ ಪ್ರೋಗ್ರಾಮ್ ನಡೆಯುವಾಗ ಲ್ಯಾಬಿನಲ್ಲಿ ಕೈ ಜೋಡಿಸಲು ಹೋಗುತ್ತೇನೆ. ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರ ಸ್ವಲ್ಪ ಜಾಸ್ತಿನೇ ಬರುತ್ತದೆ. "ಯಾವುದಕ್ಕೆ ಹೆಸರು ಜಾಸ್ತಿ?" ಅಂತ ಕೇಳುತ್ತಾರೆ. ನಾನು ತಿರುಗಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ಮೂರನೇ ವಾರದ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಮಗು ಅಲ್ಲಿ ಏನು ಮಾಡುತ್ತಿರುತ್ತದೆ?

ಮೊದಲ ದಿನ ಎಲ್ಲ ಕಡೆಯೂ ಚೆನ್ನಾಗಿರುತ್ತದೆ. ಟೀ ಶರ್ಟು ಕೊಡುತ್ತಾರೆ, ಡೀನ್ ಬಂದು ಮಾತಾಡುತ್ತಾರೆ, ಕ್ಯಾಂಪಸ್ ಸುತ್ತಿಸುತ್ತಾರೆ. ಕೊನೆಯ ದಿನವೂ ಚೆಂದವೇ. ಪೋಸ್ಟರು, ಫೋಟೋ, ಅಪ್ಪ ಅಮ್ಮಂದಿರ ಚಪ್ಪಾಳೆ. ಉತ್ಸಾಹ ಇಳಿದು, ಕೆಲಸ ಕೈ ಕೊಟ್ಟು, ಮನೆಗೆ ಹೋಗುವ ದಿನ ಇನ್ನೂ ದೂರ ಇರುವಾಗ ಆ ಲ್ಯಾಬಿನಲ್ಲಿ ಏನು ನಡೆಯುತ್ತಿದೆ ಅನ್ನುವುದರಲ್ಲಿ ಮಾತ್ರ ಒಂದು ಪ್ರೋಗ್ರಾಮಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ.

ಇಷ್ಟೊಂದು ಪ್ರೋಗ್ರಾಮುಗಳು ಯಾಕಿವೆ ಅನ್ನುವುದಕ್ಕೆ ಒಂದು ಸರಳ ಕಾರಣ ಇದೆ. ಬೇಸಿಗೆಯಲ್ಲಿ ಹಾಸ್ಟೆಲುಗಳು ಖಾಲಿ, ಲ್ಯಾಬುಗಳು ಖಾಲಿ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದದ್ದು. ಹೈಸ್ಕೂಲಿನಲ್ಲಿ ಗಣಿತ ಇದೆ, ಫಿಸಿಕ್ಸ್ ಇದೆ, ಆದರೆ ಎಂಜಿನಿಯರಿಂಗ್ ಅನ್ನುವ ವಿಷಯ ಹೆಚ್ಚಿನ ಶಾಲೆಗಳಲ್ಲಿ ಇಲ್ಲ. ಆದರೂ ಹದಿನೇಳು ವರ್ಷದ ಹುಡುಗ ಅರ್ಜಿ ಹಾಕುವಾಗಲೇ ಮೆಕ್ಯಾನಿಕಲ್ಲಾ, ಎಲೆಕ್ಟ್ರಿಕಲ್ಲಾ ಅಂತ ಬರೆಯಬೇಕು. ಎಷ್ಟೋ ದೊಡ್ಡ ಯೂನಿವರ್ಸಿಟಿಗಳಲ್ಲಿ ಎಂಜಿನಿಯರಿಂಗಿಗೆ ನೇರವಾಗಿ ಸೀಟು ಸಿಗದೆ ಹೋದರೆ ಆಮೇಲೆ ಒಳಗೆ ಹೋಗುವುದು ಕಷ್ಟ. ಕಣ್ಣಲ್ಲೇ ನೋಡದ ಕೆಲಸವನ್ನು ಜೀವನಕ್ಕೆ ಆರಿಸಿಕೊಳ್ಳಿ ಅಂದ ಹಾಗೆ ಆಯಿತು, ಅಲ್ವಾ?

ಈ ಯೋಚನೆ ಹಳೆಯದು. 1950ರಲ್ಲೇ ಮಿಶಿಗನ್ ಸ್ಟೇಟ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಎಂಜಿನಿಯರಿಂಗ್ ಪರಿಚಯಿಸಲು ಜೆಟ್ಸ್ ಅನ್ನುವ ಸಂಘಟನೆ ಹುಟ್ಟಿತ್ತು. 1957ರ ಅಕ್ಟೋಬರಿನಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕಕ್ಕೆ ಗಾಬರಿಯೇ ಆಯಿತು. ಮರುವರ್ಷವೇ ವಿಜ್ಞಾನ, ಗಣಿತದ ಕಲಿಕೆಗೆ ಹಣ ಕೊಡುವ ಕಾನೂನು ಬಂತು. 1959ರಲ್ಲಿ ಕ್ಯಾಲಿಫೋರ್ನಿಯಾದ ಓಹಾಯ್ ಊರಿನ ಒಂದು ಶಾಲೆಯಲ್ಲಿ ಸಮ್ಮರ್ ಸೈನ್ಸ್ ಪ್ರೋಗ್ರಾಮ್ ಶುರುವಾಯಿತು. ಮಕ್ಕಳು ರಾತ್ರಿ ದೂರದರ್ಶಕದಲ್ಲಿ ಒಂದು ಕ್ಷುದ್ರಗ್ರಹದ ಫೋಟೋ ತೆಗೆಯಬೇಕು, ಅದರಿಂದ ಅದರ ಕಕ್ಷೆಯನ್ನು ತಾವೇ ಲೆಕ್ಕ ಹಾಕಬೇಕು. ಆಗ ಇದ್ದದ್ದು ಯಾಂತ್ರಿಕ ಕ್ಯಾಲ್ಕುಲೇಟರುಗಳು. ಇದು ಎಂಜಿನಿಯರಿಂಗ್ ಅಲ್ಲ, ಖಗೋಳ ವಿಜ್ಞಾನ. ಆದರೂ ಇಲ್ಲಿ ಹೇಳಿದೆ, ಯಾಕೆಂದರೆ ನನ್ನ ಮೂರು ಗಂಟೆಯ ಪ್ರಶ್ನೆಗೆ ಇದರ ಹತ್ತಿರ ಆಗಲೇ ಉತ್ತರ ಇತ್ತು. ಮೂರನೇ ವಾರದ ಮಧ್ಯಾಹ್ನ ಆ ಮಕ್ಕಳು ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಕೂತಿರುತ್ತಿದ್ದರು.

ಆಮೇಲೆ ಬಂದವು ಬೇಕಾದಷ್ಟು. ಎಂಐಟಿಯಲ್ಲಿ 1970ರ ದಶಕದಲ್ಲಿ ಶುರುವಾದ ಮೈಟ್ಸ್, 1984ರಿಂದ ನಡೆಯುತ್ತಿರುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್, ಕ್ಯಾಲಿಫೋರ್ನಿಯಾದ ಶಾಸನಸಭೆಯೇ ಕಾನೂನು ಮಾಡಿ ಶುರುಮಾಡಿಸಿದ ಕಾಸ್ಮೋಸ್. ಈಗಂತೂ ಎಂಜಿನಿಯರಿಂಗ್ ಕಾಲೇಜು ಇರುವ ಬಹುತೇಕ ಊರುಗಳಲ್ಲಿ ಏನಾದರೂ ಒಂದು ಇದೆ.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಇನ್ನೋವೇಶನ್ ಕೋರ್ಸಿನಲ್ಲಿ ಒಂದು ಹೆಸರಾದ ಸ್ಪರ್ಧೆ ಇದೆ. ಬೇಯಿಸದ ಸ್ಪಾಗೆಟ್ಟಿ, ಅಂದರೆ ತೆಳ್ಳನೆ ಕಡ್ಡಿಯಂಥ ಪಾಸ್ತಾ, ಮತ್ತು ಎಪಾಕ್ಸಿ ಅಂಟು, ಇಷ್ಟರಲ್ಲೇ ಸೇತುವೆ ಕಟ್ಟಬೇಕು. ಆಮೇಲೆ ಅದು ಮುರಿಯುವ ತನಕ ಭಾರ ಹಾಕುತ್ತಾರೆ. ಇದರದೇ ಬೇರೆ ಬೇರೆ ರೂಪಗಳು ಎಷ್ಟೋ ಪ್ರೋಗ್ರಾಮುಗಳಲ್ಲಿವೆ, ನಾನು ಹೋಗುವಲ್ಲೂ ಇದೆ. ಕೇಳಿದರೆ ಆಟ ಅನಿಸುತ್ತದೆ. "ಇದಕ್ಕೆ ಇಷ್ಟು ದುಡ್ಡಾ?" ಅಂತ ಅಪ್ಪಂದಿರು ಕೇಳಿದ್ದೂ ಉಂಟು.

ಆದರೆ ಒಂದು ಸ್ಪಾಗೆಟ್ಟಿ ಎಳೆಯನ್ನು ಕೈಯಲ್ಲಿ ಹಿಡಿದು ಎರಡೂ ತುದಿಗಳಿಂದ ಮೆಲ್ಲಗೆ ಒತ್ತಿ ನೋಡಿ. ಪಕ್ಕಕ್ಕೆ ಬಾಗಿ ಚಟ್ ಅಂತ ಮುರಿಯುತ್ತದೆ. ಅದೇ ಎಳೆಯ ಅರ್ಧ ಉದ್ದದ ತುಂಡು ಸುಮಾರು ನಾಲ್ಕು ಪಟ್ಟು ಒತ್ತಡ ತಡೆಯುತ್ತದೆ. ಈ ಲೆಕ್ಕವನ್ನು ಗಣಿತಜ್ಞ ಆಯ್ಲರ್ 1744ರಲ್ಲೇ ಕೊಟ್ಟಿದ್ದ. ಒತ್ತಡಕ್ಕೆ ಬಾಗಿ ಸೋಲುವ ಕಂಬದ ಬಲ ಅದರ ಉದ್ದದ ವರ್ಗಕ್ಕೆ ವಿಲೋಮ. ದಪ್ಪ ಎರಡು ಪಟ್ಟಾದರೆ ಬಲ ಹದಿನಾರು ಪಟ್ಟು. ಅದೇ ಎಳೆಯನ್ನು ಎರಡು ಕಡೆಯಿಂದ ಎಳೆದರೆ? ಉದ್ದ ಎಷ್ಟಿದ್ದರೂ ಹೆಚ್ಚು ಕಡಿಮೆ ಅಷ್ಟೇ ತಡೆಯುತ್ತದೆ. ಅಂದರೆ ಸೇತುವೆಯಲ್ಲಿ ಒತ್ತಡ ಬೀಳುವ ಕಡ್ಡಿಗಳು ಗಿಡ್ಡ, ದಪ್ಪ ಇರಬೇಕು. ಎಳೆತ ಬೀಳುವ ಕಡ್ಡಿಗಳು ತೆಳ್ಳಗಿದ್ದರೂ ನಡೆಯುತ್ತದೆ. ಯಾವುದಕ್ಕೆ ಒತ್ತಡ, ಯಾವುದಕ್ಕೆ ಎಳೆತ ಅಂತ ತಿಳಿಯಬೇಕಾದರೆ ಒಂದೊಂದು ಜಾಯಿಂಟಿನಲ್ಲೂ ಬಲಗಳ ಲೆಕ್ಕ ಹಾಕಬೇಕು. ಶಾಲೆಯಲ್ಲಿ ಪರೀಕ್ಷೆಗೆ ಅಂತ ಕಲಿತ ಸೈನ್, ಕೊಸೈನ್ ಇಲ್ಲಿ ಇದ್ದಕ್ಕಿದ್ದ ಹಾಗೆ ಕೆಲಸಕ್ಕೆ ಬರುತ್ತದೆ.

ಮಕ್ಕಳು ಕಟ್ಟುವ ಮೊದಲ ಸೇತುವೆ ಹೆಚ್ಚಾಗಿ ಎಲ್ಲ ಕಡೆಯೂ ಒಂದೇ ದಪ್ಪ ಇರುತ್ತದೆ. ಭಯಕ್ಕೆ ಎಲ್ಲವನ್ನೂ ದಪ್ಪ ಮಾಡಿರುತ್ತಾರೆ. ಅಂಟನ್ನೂ ಧಾರಾಳವಾಗಿ ಸುರಿದಿರುತ್ತಾರೆ. ಸೇತುವೆಯ ತೂಕದಲ್ಲಿ ಅಂಟಿನ ಪಾಲು ಎಷ್ಟು ಅಂತ ತೂಗಿ ನೋಡಿದಾಗ ಅವರ ಮುಖ ನೋಡಬೇಕು. ಭಾರ ಹಾಕಿದಾಗ ಅಷ್ಟು ದಪ್ಪದ ಕಡ್ಡಿಗಳಿಗೆ ಏನೂ ಆಗುವುದಿಲ್ಲ, ಜಾಯಿಂಟು ಬಿಟ್ಟುಕೊಳ್ಳುತ್ತದೆ.

ಎರಡನೆಯದರಲ್ಲಿ ಜಾಯಿಂಟು ಸರಿಮಾಡುತ್ತಾರೆ, ಲೆಕ್ಕವೂ ಸರಿ ಇರುತ್ತದೆ. ಆಗ ಇನ್ನೊಂದು ಆಗುತ್ತದೆ. ನನಗೆ ತುಂಬಾ ಇಷ್ಟವಾದ ಗಳಿಗೆ ಇದು. ಸೇತುವೆ ಕೆಳಗೆ ಮುರಿಯುವುದಿಲ್ಲ, ಪಕ್ಕಕ್ಕೆ ತಿರುಚಿಕೊಂಡು ಬೀಳುತ್ತದೆ. ಯಾಕೆಂದರೆ ಲೆಕ್ಕ ಹಾಕಿದ್ದು ಕಾಗದದ ಮೇಲೆ, ಕಾಗದಕ್ಕೆ ಇರುವುದು ಎರಡೇ ದಿಕ್ಕು. ಅಕ್ಕಪಕ್ಕದ ಎರಡು ಚೌಕಟ್ಟುಗಳನ್ನು ಕೂಡಿಸುವ ಅಡ್ಡಕಡ್ಡಿಗಳ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ನೂರಕ್ಕೆ ನೂರು ತೆಗೆದು ಅಭ್ಯಾಸ ಇರುವ ಮಕ್ಕಳು ಇವರು. "ಆದ್ರೆ ನಮ್ಮ ಲೆಕ್ಕ ಸರಿ ಇತ್ತಲ್ಲ?" ಅಂತ ಕೇಳುತ್ತಾರೆ. ಹೌದು, ಲೆಕ್ಕ ಸರಿ ಇತ್ತು, ಸೇತುವೆ ಬಿತ್ತು. ಇಪ್ಪತ್ತು ವರ್ಷ ಕೆಲಸ ಮಾಡಿದವರೂ ಈ ಎರಡು ಮಾತುಗಳ ನಡುವೆಯೇ ಓಡಾಡುತ್ತಿರುತ್ತಾರೆ. ಹದಿನಾರಕ್ಕೇ ಅದರ ರುಚಿ ಸಿಕ್ಕಿದರೆ ಲಾಭವೇ.

ಇದಕ್ಕೆ ಮೂರನೇ ಸೇತುವೆ ಕಟ್ಟಲು ಸಮಯ ಇರಬೇಕು. ಮೊದಲನೆಯದು ಮುರಿದ ದಿನವೇ ಸರ್ಟಿಫಿಕೇಟ್ ಕೊಟ್ಟು ಮನೆಗೆ ಕಳಿಸಿದರೆ ಮಕ್ಕಳು ಕಲಿತದ್ದು ಬರೀ ಅಂಟು ಹಚ್ಚುವುದು. ಸೋಮವಾರ ಸಿವಿಲ್, ಮಂಗಳವಾರ ಕೆಮಿಕಲ್, ಬುಧವಾರ ರೋಬೋಟ್ ಅಂತ ಐದು ದಿನದಲ್ಲಿ ಐದು ವಿಭಾಗ ತೋರಿಸುವ ಕ್ಯಾಂಪುಗಳ ಬಗ್ಗೆ ನನಗಿರುವ ತಕರಾರು ಇದೇ. ಎಂಟನೇ ತರಗತಿಯವರಿಗೆ ಅವು ಸರಿ. ಹನ್ನೊಂದನೆಯವರಿಗೆ ಸಾಲದು.

ಸಾಫ್ಟ್‌ವೇರ್ ಕಡೆ ಮನಸ್ಸಿರುವ ಮಕ್ಕಳಿಗೂ ಇಂಥದ್ದೇ ಇದೆ. ಎಂಐಟಿ ಮತ್ತು ಅದರ ಲಿಂಕನ್ ಲ್ಯಾಬೊರೇಟರಿ ಸೇರಿ 2016ರಲ್ಲಿ ಬೀವರ್ ವರ್ಕ್ಸ್ ಸಮ್ಮರ್ ಇನ್‌ಸ್ಟಿಟ್ಯೂಟ್ ಶುರುಮಾಡಿದವು. ಅಲ್ಲಿಯ ಹಳೆಯ ಕೋರ್ಸುಗಳಲ್ಲೊಂದು ತಾನೇ ಓಡುವ ಪುಟ್ಟ ಕಾರಿನದು. ನಿಜವಾದ ಕಾರಿನ ಹತ್ತನೇ ಒಂದರಷ್ಟು ಗಾತ್ರ, ಅದರ ಮೇಲೆ ಕಂಪ್ಯೂಟರು, ಕ್ಯಾಮೆರಾ, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್. ಈಗ ಇಂಥ ಕಾರುಗಳು ಬೇರೆ ಕಡೆಗಳಲ್ಲೂ ಇವೆ.

ಮೊದಲ ಪಾಠ ಗೋಡೆಯ ಪಕ್ಕ ಒಂದೇ ದೂರದಲ್ಲಿ ಓಡಿಸುವುದು. ದೂರ ಜಾಸ್ತಿಯಾದರೆ ಗೋಡೆ ಕಡೆ ತಿರುಗಿಸು, ಕಡಿಮೆಯಾದರೆ ಆಚೆ ತಿರುಗಿಸು. ನಾಲ್ಕು ಸಾಲು ಕೋಡು. ನಿಧಾನಕ್ಕೆ ಬಿಟ್ಟರೆ ಅಚ್ಚುಕಟ್ಟಾಗಿ ಓಡುತ್ತದೆ, ಮಕ್ಕಳು ಕುಣಿಯುತ್ತಾರೆ. ವೇಗ ಹೆಚ್ಚಿಸಿದ ಕೂಡಲೇ ಅದೇ ಕಾರು ಹಾವು ಹರಿದ ಹಾಗೆ ಅತ್ತಿತ್ತ ಹೊರಳಿ ಗೋಡೆಗೆ ಗುದ್ದುತ್ತದೆ. ಕೋಡಿನಲ್ಲಿ ತಪ್ಪಿಲ್ಲ. ಲೈಡಾರ್ ಅಳೆದು, ಕಂಪ್ಯೂಟರು ಲೆಕ್ಕ ಹಾಕಿ, ಚಕ್ರ ತಿರುಗುವಷ್ಟರಲ್ಲಿ ಕಾರು ಮುಂದೆ ಹೋಗಿಯಾಗಿದೆ. ಅದು ತಿದ್ದಿಕೊಳ್ಳುತ್ತಿರುವುದು ಹಳೆಯ ತಪ್ಪನ್ನು. ದೂರ ಎಷ್ಟಿದೆ ಅನ್ನುವುದರ ಜೊತೆ ಅದು ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದನ್ನೂ ಲೆಕ್ಕಕ್ಕೆ ತಗೋಬೇಕು ಅಂತ ಆಗ ಹೊಳೆಯುತ್ತದೆ. ಕ್ಯಾಲ್ಕುಲಸ್ಸಿನ ಡೆರಿವೇಟಿವ್ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಇನ್ನೊಂದು ತಮಾಷೆ ಗಾಜಿನ ಬಾಗಿಲು. ಲೈಡಾರಿನ ಲೇಸರ್ ಗಾಜನ್ನು ದಾಟಿ ಹೋಗುವುದರಿಂದ ಕಾರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಮಕ್ಕಳೇ ಬಾಗಿಲಿಗೆ ಕಾಗದ ಅಂಟಿಸುತ್ತಾರೆ. ಅದೂ ಎಂಜಿನಿಯರಿಂಗೇ.

ಪ್ರೊಫೆಸರ್ ಲ್ಯಾಬಿನಲ್ಲಿ ಆರೇಳು ವಾರ ಸಂಶೋಧನೆ ಮಾಡಿಸುವ ಪ್ರೋಗ್ರಾಮುಗಳೇ ಎಲ್ಲಕ್ಕಿಂತ ಮೇಲು ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲಿ ಸೀಟು ಸಿಗುವುದು ಕಷ್ಟ ಅನ್ನುವುದು ನಿಜ. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಕ್ಲಾರ್ಕ್ ಸ್ಕಾಲರ್ಸ್‌ನಲ್ಲಿ ಒಟ್ಟು 12 ಜಾಗ. ಶುರುವಾಗುವ ದಿನಕ್ಕೆ ಹದಿನೇಳು ತುಂಬಿರಲೇಬೇಕು, ಆದ್ದರಿಂದ ಒಂದು ವರ್ಷ ಮುಂಚೆ ಶಾಲೆಗೆ ಸೇರಿಸಿದ ಮಕ್ಕಳು ಇಲ್ಲಿ ಹೊರಗೆ ಉಳಿಯುತ್ತಾರೆ. ಲ್ಯಾಬಿನ ಅನುಭವ ಮಾತ್ರ ಪೂರ್ತಿ ಆ ಲ್ಯಾಬಿನ ಮೇಲೆ ನಿಂತಿರುತ್ತದೆ. ದಿನದಿನ ಕಲಿಸುವವರು ಪ್ರೊಫೆಸರ್ ಅಲ್ಲ, ಅವರ ಕೈಕೆಳಗಿನ ಪಿಎಚ್‌ಡಿ ವಿದ್ಯಾರ್ಥಿ. ಅವರಿಗೆ ವ್ಯವಧಾನ ಇದ್ದರೆ ಮಗುವಿನ ಅದೃಷ್ಟ. ಇಲ್ಲದಿದ್ದರೆ ಆರು ವಾರ ಎಕ್ಸೆಲ್ ಶೀಟು ತುಂಬುವುದೇ ಕೆಲಸ. ಹೆಸರಾದ ಪ್ರೊಫೆಸರ್ ಅಂತ ಬೀಗುವ ಮುಂಚೆ ಆ ವಿದ್ಯಾರ್ಥಿ ಬೇಸಿಗೆಯಲ್ಲಿ ಊರಲ್ಲಿರುತ್ತಾರಾ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಈಗ ದುಡ್ಡಿನ ಮಾತು. ಇಲ್ಲಿ ಒಂದು ವಿಚಿತ್ರ ಇದೆ. ಹೆಸರು ಜಾಸ್ತಿ ಇರುವ ಎಷ್ಟೋ ಪ್ರೋಗ್ರಾಮುಗಳು ಉಚಿತ. ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಮತ್ತು ಮೈಟ್ಸ್‌ನಲ್ಲಿ ಊಟ, ವಸತಿ, ಪಾಠ ಎಲ್ಲ ಅವರದ್ದೇ, ಹೋಗಿಬರುವ ಖರ್ಚು ಮಾತ್ರ ನಮ್ಮದು. ನ್ಯೂಜೆರ್ಸಿಯ ಮಕ್ಕಳಿಗೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ನಡೆಯುವ ಗವರ್ನರ್ಸ್ ಸ್ಕೂಲ್ ಅನ್ನುವ ಬೇಸಿಗೆ ಪ್ರೋಗ್ರಾಮ್ ಕೂಡ ಹಾಗೇ. ಅಮೆರಿಕದ ನೌಕಾಪಡೆಯ ಲ್ಯಾಬುಗಳಲ್ಲಿ ಎಂಟು ವಾರ ಕೆಲಸ ಕಲಿಸುವ ಸೀಪ್ ಅನ್ನುವುದರಲ್ಲಿ ಅವರೇ ಮಕ್ಕಳಿಗೆ ದುಡ್ಡು ಕೊಡುತ್ತಾರೆ. ಬೇಸಿಗೆಯಲ್ಲಿ ದುಡಿದು ಮನೆಗೆ ಆಸರೆಯಾಗಬೇಕಾದ ಮಕ್ಕಳಿಗೆ ಉಚಿತ ಅನ್ನುವುದೂ ಸಾಲುವುದಿಲ್ಲ, ಹೀಗೆ ಕೈಗೆ ಏನಾದರೂ ಸಿಗಬೇಕು.

ಇನ್ನೊಂದು ಕಡೆ ಎರಡು ಮೂರು ವಾರಕ್ಕೆ ಹಲವು ಸಾವಿರ ಡಾಲರ್ ತಗೊಳ್ಳುವ ಪ್ರೋಗ್ರಾಮುಗಳಿವೆ. ದುಡ್ಡು ತಗೊಂಡ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. ಮೇಲೆ ಹೇಳಿದ ಹಾಪ್ಕಿನ್ಸ್ ಕೋರ್ಸಿಗೂ ಫೀಸ್ ಇದೆ, ಚೆನ್ನಾಗಿ ಮಾಡಿದರೆ ಕಾಲೇಜಿನ ಕ್ರೆಡಿಟ್ ಸಿಗುತ್ತದೆ. ಕಾಸ್ಮೋಸ್‌ಗೂ ಫೀಸ್ ಇದೆ, ಕಡಿಮೆ ಆದಾಯದವರಿಗೆ ನೆರವೂ ಇದೆ. ನನಗೆ ಸಿಟ್ಟು ಬರುವುದು ಇನ್ನೊಂದು ಜಾತಿಯ ಮೇಲೆ. ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ, "ನಿಮ್ಮ ಮಗಳನ್ನು ನಾಮನಿರ್ದೇಶನ ಮಾಡಲಾಗಿದೆ" ಅಂತ ಮನೆಗೆ ಬರುವ ಪತ್ರ. ಯಾರು ಮಾಡಿದರು, ಯಾಕೆ ಮಾಡಿದರು ಅಂತ ಎಲ್ಲೂ ಇರುವುದಿಲ್ಲ. ಎಷ್ಟೋ ಸಲ ಯಾವುದೋ ಖಾಸಗಿ ಕಂಪನಿ ಬೇಸಿಗೆಗೆ ಹೆಸರಾದ ಕ್ಯಾಂಪಸ್ಸಿನ ಕೋಣೆಗಳನ್ನು ಬಾಡಿಗೆಗೆ ಹಿಡಿದಿರುತ್ತದೆ, ಪಾಠಕ್ಕೂ ಆ ಯೂನಿವರ್ಸಿಟಿಗೂ ಸಂಬಂಧವೇ ಇರುವುದಿಲ್ಲ. ನಮ್ಮವರು ಅದನ್ನು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಇನ್ನೂ ಇಪ್ಪತ್ತು ಜನ ಅಭಿನಂದನೆ ಹೇಳುತ್ತಾರೆ. ಅರ್ಜಿಯಲ್ಲಿ ಗಣಿತದ ಅಂಕ, ಟೀಚರ್ ಪತ್ರ, ಪ್ರಬಂಧ ಏನೂ ಕೇಳದೆ ಕ್ರೆಡಿಟ್ ಕಾರ್ಡ್ ನಂಬರ್ ಮಾತ್ರ ಕೇಳಿದರೆ ಅಲ್ಲಿ ಆರಿಸಿಕೊಂಡದ್ದು ಮಗುವನ್ನಲ್ಲ.

"ಇದರಿಂದ ಅಡ್ಮಿಶನ್‌ಗೆ ಅನುಕೂಲ ಆಗುತ್ತಾ?" ಇದೂ ಖಾಯಂ ಪ್ರಶ್ನೆ. ನೂರಾರು ಜನರಲ್ಲಿ ಕೆಲವರನ್ನೇ ಆರಿಸುವ ಉಚಿತ ಪ್ರೋಗ್ರಾಮಿಗೆ ಸೇರಿದ್ದರೆ ಅದನ್ನು ಗಮನಿಸುತ್ತಾರೆ, ನಿಜ. ಆದರೆ ಅಲ್ಲಿಗೆ ಸೇರುವ ಮಕ್ಕಳು ಹೇಗೂ ಮುಂದೆ ಬರುವವರೇ. ದುಡ್ಡು ಕಟ್ಟಿ ಹೋಗುವ ಪ್ರೋಗ್ರಾಮುಗಳ ಬಗ್ಗೆ ಎಷ್ಟೋ ವಿಶ್ವವಿದ್ಯಾಲಯಗಳು ತಾವೇ ಬರೆದಿರುತ್ತವೆ, ಇಲ್ಲಿಗೆ ಬಂದ ಮಾತ್ರಕ್ಕೆ ನಮ್ಮಲ್ಲಿ ಸೀಟು ಅಂತಲ್ಲ ಅಂತ. ಅದನ್ನು ಯಾರೂ ಓದುವುದಿಲ್ಲ ಅಷ್ಟೇ.

ನಮ್ಮಲ್ಲಿ ವೀಸಾ ಮೇಲಿರುವ ಕುಟುಂಬಗಳು ಜಾಸ್ತಿ, ಆದ್ದರಿಂದ ಇದನ್ನೂ ಹೇಳಬೇಕು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಹಲವು ಉಚಿತ ಪ್ರೋಗ್ರಾಮುಗಳಿಗೆ ಸಿಟಿಜನ್‌ಶಿಪ್ ಅಥವಾ ಗ್ರೀನ್ ಕಾರ್ಡ್ ಬೇಕು. ಮಿಲಿಟರಿ ಲ್ಯಾಬುಗಳಂತೂ ಇನ್ನೂ ಬಿಗಿ. ಅಪ್ಪ ಅಮ್ಮನ ಕೆಲಸದ ವೀಸಾದ ಜೊತೆ ಸಿಗುವ ಎಚ್‌-4 ವೀಸಾದಲ್ಲಿರುವ ಮಕ್ಕಳು ಪ್ರಬಂಧ ಎಲ್ಲ ಬರೆದು ಮುಗಿಸಿದ ಮೇಲೆ ಕೊನೆಯ ಪುಟದಲ್ಲಿ ಆ ಸಾಲು ನೋಡಿ ಅತ್ತದ್ದು ನನಗೆ ಗೊತ್ತು. ಮೊದಲು ಅರ್ಹತೆಯ ಪುಟ ಓದಿ. ಅಂಥವರಿಗೆ ನಾನು ಹೇಳುವ ದಾರಿ ಪಕ್ಕದ ಕಮ್ಯುನಿಟಿ ಕಾಲೇಜು. ಬೇಸಿಗೆಯಲ್ಲಿ ಸಿಎಡಿ (ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವುದು) ಅಥವಾ ವೆಲ್ಡಿಂಗ್ ಕ್ಲಾಸಿಗೆ ಹೈಸ್ಕೂಲ್ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರಾ ಅಂತ ಕೇಳಿ, ಎಷ್ಟೋ ಕಡೆ ಸೇರಿಸಿಕೊಳ್ಳುತ್ತಾರೆ, ಖರ್ಚೂ ಕಡಿಮೆ. ವೆಲ್ಡಿಂಗ್ ಅಂದಾಗ ಮೂಗು ಮುರಿಯುವವರಿದ್ದಾರೆ. ಲೋಹ ಹೇಗೆ ಕರಗುತ್ತದೆ, ಆರುವಾಗ ಹೇಗೆ ಸೊಟ್ಟಗಾಗುತ್ತದೆ ಅಂತ ಕೈಯಾರೆ ನೋಡಿದ ಹುಡುಗಿ ಮುಂದೆ ಮೆಕ್ಯಾನಿಕಲ್ ಓದುವಾಗ ಕ್ಲಾಸಿನಲ್ಲಿ ಹಿಂದೆ ಬೀಳುವುದಿಲ್ಲ.

ಹುಡುಗಿ ಅಂದೆ. ಲ್ಯಾಬಿನಲ್ಲಿ ಪದೇ ಪದೇ ಕಾಣುವ ಒಂದು ವಿಷಯ ಇದೆ. ನಾಲ್ಕು ಮಕ್ಕಳ ತಂಡ ಮಾಡಿ ಬಿಟ್ಟರೆ ಹತ್ತು ನಿಮಿಷದಲ್ಲಿ ಡ್ರಿಲ್ ಒಬ್ಬ ಹುಡುಗನ ಕೈಯಲ್ಲಿರುತ್ತದೆ, ನೋಟ್ಸು ಹುಡುಗಿಯ ಕೈಯಲ್ಲಿ. ಕೊನೆಗೆ ಅವಳದ್ದು ಚೆಂದದ ಪವರ್‌ಪಾಯಿಂಟ್. ಯಾರೂ ಬೇಕಂತ ಮಾಡಿದ್ದಲ್ಲ. ಅವನು ಗ್ಯಾರೇಜಿನಲ್ಲಿ ಅಪ್ಪನ ಜೊತೆ ಡ್ರಿಲ್ ಹಿಡಿದಿದ್ದ, ಇವಳಿಗೆ ಯಾರೂ ಕೊಟ್ಟಿರಲಿಲ್ಲ. ಎಂಐಟಿಯಲ್ಲಿ 2002ರಲ್ಲಿ ಶುರುವಾದ ವಿಮೆನ್ಸ್ ಟೆಕ್ನಾಲಜಿ ಪ್ರೋಗ್ರಾಮ್ ಗಣಿತ, ವಿಜ್ಞಾನದಲ್ಲಿ ಗಟ್ಟಿ ಇದ್ದು ಎಂಜಿನಿಯರಿಂಗಿನ ಅನುಭವ ಇಲ್ಲದ ಹುಡುಗಿಯರನ್ನೇ ಹುಡುಕಿ ಆರಿಸುತ್ತಿತ್ತು. ಅದು ಜಾಣತನ. ಉಳಿದ ಕಡೆ ಬಹಳಷ್ಟು ಸಲ ಆಗಲೇ ರೋಬೋಟ್ ಕಟ್ಟಿದವರಿಗೇ ಮತ್ತೆ ರೋಬೋಟ್ ಕಟ್ಟುವ ಅವಕಾಶ. ನಾನು ಹೋಗುವ ಲ್ಯಾಬಿನಲ್ಲಿ ಈಗ ದಿನಾ ಕೆಲಸ ಬದಲಾಯಿಸುವ ನಿಯಮ ಇದೆ. ಗಲಾಟೆ ಆಗುತ್ತದೆ, ಕೆಲಸ ನಿಧಾನ ಆಗುತ್ತದೆ. ಪರವಾಗಿಲ್ಲ.

ಪರಿಚಯದ ಒಬ್ಬ ಹುಡುಗ ಆರು ವಾರ ಮುಗಿಸಿ ಬಂದು ಎಂಜಿನಿಯರಿಂಗ್ ಬೇಡ ಅಂದ. ಅವನಿಗೆ ಸೇತುವೆಯ ಲೆಕ್ಕ ಇಷ್ಟವಾಗಿತ್ತು, ಸೇತುವೆ ಇಷ್ಟವಾಗಿರಲಿಲ್ಲ. ಅಂಟು, ಧೂಳು, ಮುರಿದದ್ದನ್ನು ಮತ್ತೆ ಕಟ್ಟುವುದು ಯಾವುದೂ ಬೇಡ. ಲೆಕ್ಕ ಮಾತ್ರ ಬೇಕು. ಅವನ ಅಪ್ಪ ನನಗೆ ಫೋನ್ ಮಾಡಿ, "ಅಲ್ಲ, ಸುಮ್ನೆ ದುಡ್ಡು ದಂಡ ಆಯ್ತಲ್ರೀ" ಅಂದರು. ಮೂರನೇ ಸೆಮಿಸ್ಟರಿನಲ್ಲಿ ಗೊತ್ತಾಗಿದ್ದರೆ ಎಷ್ಟು ದಂಡ ಆಗುತ್ತಿತ್ತು ಅಂತ ಲೆಕ್ಕ ಹಾಕಿ ಅಂದೆ. ಅವರು ಹಾಕಿದರೋ ಇಲ್ಲವೋ. ಹುಡುಗ ಈಗ ಗಣಿತ ಓದುತ್ತಿದ್ದಾನೆ. ಅಪ್ಪನಿಗೆ ಇನ್ನೂ ನನ್ನ ಮೇಲೆ ಸ್ವಲ್ಪ ಮುನಿಸಿದೆ.

ಆ ಮೂರು ಗಂಟೆಯ ಪ್ರಶ್ನೆಯನ್ನು ನನ್ನ ಹತ್ತಿರ ಕೇಳುವುದಕ್ಕಿಂತ ಪ್ರೋಗ್ರಾಮ್ ನಡೆಸುವವರಿಗೇ ಇಮೇಲ್ ಮಾಡಿ ಕೇಳಿ. ಮಗುವೇ ಬರೆಯಲಿ, ಅಪ್ಪ ಅಮ್ಮ ಅಲ್ಲ. ಹಿಂದಿನ ವರ್ಷದ ವೇಳಾಪಟ್ಟಿ ಇದೆಯಾ, ಎಷ್ಟು ಮಕ್ಕಳಿಗೆ ಒಬ್ಬ ಮೆಂಟರ್, ಒಮ್ಮೆ ಕಟ್ಟಿದ್ದು ಕೆಟ್ಟರೆ ಮತ್ತೆ ಕಟ್ಟಲು ಸಮಯ ಸಿಗುತ್ತದಾ. ಒಳ್ಳೆಯ ಕಡೆ ಈ ಪ್ರಶ್ನೆ ಕೇಳಿದರೆ ಖುಷಿಪಡುತ್ತಾರೆ, ಉದ್ದ ಉತ್ತರ ಬರೆಯುತ್ತಾರೆ. ಕೆಲವು ಕಡೆಯಿಂದ ಬಣ್ಣಬಣ್ಣದ ಬ್ರೋಷರ್ ಮತ್ತೆ ಬರುತ್ತದೆ. ಅದೂ ಒಂದು ಉತ್ತರವೇ.

ಕೇಳುವುದಾದರೆ ಬೇಗ ಕೇಳಿ. ಹೆಸರಾದವುಗಳ ಅರ್ಜಿ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿದುಹೋಗುತ್ತದೆ. ಮೇ ತಿಂಗಳಲ್ಲಿ ಫೋನ್ ಮಾಡುವವರಿಗೆ ಉಳಿದಿರುವುದು ಹೆಚ್ಚಾಗಿ ದುಬಾರಿಯದ್ದೇ. ಶಿಫಾರಸು ಪತ್ರ ಬೇಕಾದರೆ ಫಿಸಿಕ್ಸ್ ಟೀಚರ್ ಹತ್ತಿರ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮುಂಚೆಯೇ ಕೇಳಬೇಕು. ಆಮೇಲೆ ಅವರು ಹನ್ನೆರಡನೇ ತರಗತಿಯವರ ಕಾಲೇಜು ಪತ್ರಗಳಲ್ಲಿ ಮುಳುಗಿರುತ್ತಾರೆ, ನಿಮ್ಮ ಮಗುವಿಗೆ ಸಿಗುವುದು ನಾಲ್ಕೇ ಸಾಲು.